ಐದನೇ ಡಬ್ಬಿ

ಮಿಕ್ಸಿ, ಗೀಸರ್, ಇಸ್ತ್ರಿಪೆಟ್ಟಿಗೆ ಕೊಂಡಾಗ ಜೊತೆಯಲ್ಲಿ ಒಂದು ಮಡಿಸಿದ ಕಾಗದ ಬರುತ್ತದಲ್ಲ, ನೀವು ಬಿಚ್ಚದೆ ಬಿಸಾಡುವಂಥದ್ದು, ಅದನ್ನು ಬರೆಯುವವಳು ನಾನು. 'ಒದ್ದೆ ಕೈಯಲ್ಲಿ ಮುಟ್ಟಬೇಡಿ.' 'ತಿರುಗುತ್ತಿರುವಾಗ ಒಳಗೆ ಬೆರಳು ಹಾಕಬೇಡಿ.' ಹದಿನಾಲ್ಕು ವರ್ಷದಿಂದ ಇದೇ ಅನ್ನ. ಯಾರೂ ಓದುವುದಿಲ್ಲವೆಂದು ಗೊತ್ತಿದ್ದೂ ಒಂದೊಂದು ಪದವನ್ನೂ ತೂಗಿ ಇಡುತ್ತೇನೆ. ಹಾಗಾಗಿ, ಆ ಸೋಂಕಿನ ವರ್ಷದ ಡಿಸೆಂಬರ್ ರಜೆಯಲ್ಲಿ ದೊಡ್ಡಮ್ಮ ದೊಡ್ಡಪ್ಪ ಒಂದು ಮಧ್ಯಾಹ್ನ ನಮ್ಮ ಮನೆಗೆ ಬರುವುದೆಂದು ತೀರ್ಮಾನವಾದಾಗ, ಅವರಿಗೊಂದು ಸೂಚನಾಪತ್ರ ಕಳಿಸದೆ ಸುಮ್ಮನಿರುವುದು ನನ್ನಿಂದಾಗುವ ಕೆಲಸವಾಗಿರಲಿಲ್ಲ.

ಒಟ್ಟು ಇಪ್ಪತ್ತೆರಡು ಸೂಚನೆ. ಬರುವ ಮುಂಚೆ ಹತ್ತು ದಿನ ಮನೆಯಿಂದ ಹೊರಗೆ ಕಾಲಿಡಬಾರದು. ದಾರಿಯಲ್ಲಿ ಯಾರನ್ನೂ ಕಾರಿಗೆ ಹತ್ತಿಸಿಕೊಳ್ಳಬಾರದು. ಊಟ, ತಟ್ಟೆ, ಲೋಟ ನಿಮ್ಮದೇ ತನ್ನಿ. ಕೂರುವುದು ಹಿತ್ತಲಲ್ಲಿ, ಸುಣ್ಣದ ಗೆರೆಯೊಳಗೆ. ತಬ್ಬಿಕೊಳ್ಳುವಂತಿಲ್ಲ. ಹನ್ನೊಂದನೆಯದು: ಅಳುವುದಿದ್ದರೆ ಮಾಸ್ಕ್ ತೆಗೆಯದೆ ಅಳತಕ್ಕದ್ದು.

"ಇದು ನೆಂಟರಿಗೆ ಬರೆದದ್ದಾ, ಪ್ರೆಷರ್ ಕುಕ್ಕರಿಗಾ?" ಅಂದ ತಮ್ಮ. ಅವನು ಪಿ.ಟಿ. ಮೇಷ್ಟ್ರು. ಶಾಲೆ ಮುಚ್ಚಿದಾಗಿನಿಂದ ಫೋನಿನಲ್ಲಿ ಓಟ ಕಲಿಸುತ್ತಿದ್ದ.

ಅವನಿಗೆ ತಮಾಷೆ. ನನಗೆ ಅಮ್ಮ. ಅಮ್ಮನ ಬಲಗಡೆಯ ಶ್ವಾಸಕೋಶದಲ್ಲಿ ಅರ್ಧವನ್ನು ಎರಡು ವರ್ಷದ ಹಿಂದೆ ಕೊಯ್ದು ತೆಗೆದಿದ್ದರು. 'ಇವರಿಗೆ ನೆಗಡಿಯಾದರೂ ನನಗೊಂದು ಫೋನ್ ಮಾಡಿ' ಅಂದಿದ್ದ ಡಾಕ್ಟರು ಸೋಂಕು ಶುರುವಾದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ಹತ್ತು ತಿಂಗಳಿಂದ ಅಮ್ಮನನ್ನು ಹಿಂದಿನ ಕೋಣೆಯಲ್ಲಿ ಗಾಜಿನ ಸಾಮಾನಿನ ಹಾಗೆ ಇಟ್ಟುಕೊಂಡಿದ್ದೆ. ಅಷ್ಟೂ ದಿನದಲ್ಲಿ ಅಮ್ಮ ಬಾಯಿಬಿಟ್ಟು ಕೇಳಿದ್ದು ಒಂದೇ: ಅಕ್ಕನನ್ನು ನೋಡಬೇಕು.

"ದಿನಾ ಫೋನಿನಲ್ಲಿ ನೋಡ್ತೀಯಲ್ಲಮ್ಮ."

"ಅದರಲ್ಲಿ ಅವಳ ಹಣೆ ಮಾತ್ರ ಕಾಣತ್ತೆ. ನಾನೇನು ಕೂತ್ಕೊಂಡು ಅವಳ ಹಣೆಬರಹ ಓದ್ಲಾ?"

ಅವರಿಗೆ ಪರೀಕ್ಷೆ ಮಾಡಿಸಲೆಂದು ಆರು ಲ್ಯಾಬಿಗೆ ಫೋನ್ ಮಾಡಿದೆ. ರಜೆ ಅಂತ ಊರಿಗೂರೇ ಅಲ್ಲಿ ಸಾಲು ನಿಂತಿತ್ತು. ಉಳಿದದ್ದು ಮೂಗು. ಜ್ವರ ಕೆಮ್ಮು ಇಲ್ಲದವರಿಗೂ ವಾಸನೆ ಹೋಗುತ್ತದೆಂದು ಓದಿದ್ದೆ. ಹಾಗಾಗಿ ಪುಟ್ಟ ಪುಟ್ಟ ಐದು ಡಬ್ಬಿ ಸಿದ್ಧ ಮಾಡಿ, ಬಾಯಿಗೆ ತೆಳ್ಳನೆ ಬಟ್ಟೆ ಕಟ್ಟಿದೆ. ಕಾಫಿಪುಡಿ, ಲವಂಗ, ನಿಂಬೆಸಿಪ್ಪೆ, ಸೋಪಿನ ತುರಿ. ಐದನೆಯದರಲ್ಲಿ ಬರೀ ಹತ್ತಿ. ಯಾಕೆಂದರೆ ನಮ್ಮ ಪೈಕಿಯವರ ಬಾಯಲ್ಲಿ 'ಗೊತ್ತಿಲ್ಲ' ಅನ್ನುವ ಮಾತು ಬರುವುದಿಲ್ಲ. ದಾರಿ ಕೇಳಿದರೆ ತಾವು ಕಾಣದ ಊರಿಗೂ ದಾರಿ ತೋರಿಸುತ್ತಾರೆ. ಇಂಥದೇ ಇನ್ನೊಂದು ಸೆಟ್ ಡಬ್ಬಿ ದೊಡ್ಡಮ್ಮನಿಗೆ, ಒಬ್ಬರ ಮೂಗು ಮುಟ್ಟಿದ್ದು ಇನ್ನೊಬ್ಬರ ಮೂಗಿಗೆ ತಾಗದ ಹಾಗೆ.

ಇಷ್ಟಾದರೂ ಗಾಳಿಯ ಚಿಂತೆ ಉಳಿಯಿತು. ಬಾಯಿಂದ ಹೊರಟ ಉಸಿರು ಹೊಗೆಯ ಹಾಗೆ ತೇಲಿಕೊಂಡಿರುತ್ತದಂತೆ. ಹೊಗೆಯಾದರೆ ಕಾಣುತ್ತದೆ. ಉಸಿರು ಯಾವ ಕಡೆ ಹೋಯಿತೆಂದು ಯಾರನ್ನು ಕೇಳುವುದು? ಬಟ್ಟೆ ಒಣಹಾಕುವ ತಂತಿಗೆ ಕಾಗದದ ಚೂರು ಕಟ್ಟಿ ನೋಡಿದೆ. ಅದು ಸತ್ತ ಹಲ್ಲಿಯ ಹಾಗೆ ನೇತಾಡಿತು. ಕೊನೆಗೆ ಅಂದಾಜಿನ ಮೇಲೆ ಅಮ್ಮನ ಕಿಟಕಿಯಿಂದ ಎಂಟಡಿ ದೂರದಲ್ಲಿ, ಗೋಡೆಯ ಮರೆಯಲ್ಲಿ, ತಮ್ಮನ ಕೈಯಲ್ಲಿ ಸುಣ್ಣದ ಎರಡು ವೃತ್ತ ಹಾಕಿಸಿದೆ. ಪರೀಕ್ಷೆ ಮುಗಿಯುವ ತನಕ ಕಿಟಕಿ ತೆರೆಯುವಂತಿಲ್ಲವೆಂದು ಅಮ್ಮನಿಗೆ ಹೇಳಿದೆ. ಅಮ್ಮ ಗಾಜಿಗೆ ಮುಖ ಒತ್ತಿಕೊಂಡು, ಕೈಯಲ್ಲಿ ಫೋನ್ ಹಿಡಿದು ಕೂತಳು.

ಹನ್ನೆರಡೂವರೆಗೆ ಕಾರು ಬಂತು. ಇಳಿದವರೇ ದೊಡ್ಡಮ್ಮ ನನ್ನನ್ನು ನೋಡದೆ ನೇರ ಕಿಟಕಿಯ ಕಡೆ ಎರಡು ಹೆಜ್ಜೆ ಹಾಕಿ, ಅಲ್ಲೇ ತಡೆದು, ಕೈಬೀಸಿದರು. ಅಮ್ಮನೂ ಬೀಸಿದಳು. ಇಬ್ಬರೂ ರೈಲು ಹೊರಟ ಮೇಲೂ ಬೀಸುವವರ ಹಾಗೆ ಬೀಸುತ್ತಲೇ ಇದ್ದರು.

"ಮೊದಲು ಪರೀಕ್ಷೆ," ಅಂದೆ.

"ಪರೀಕ್ಷೆನಾ? ಮೂಗಿನದಾ?" ದೊಡ್ಡಪ್ಪ ಗಹಗಹಿಸಿ ನಕ್ಕರು. "ಯಾರಿಗಮ್ಮ ಪರೀಕ್ಷೆ? ಮೀನಿಗೆ ಈಜು ಪರೀಕ್ಷೆನಾ?"

ದೊಡ್ಡಪ್ಪ ಸೋಪಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪರಿಮಳ ವಿಭಾಗದಲ್ಲಿದ್ದವರು. ಯಾವ ಸೋಪಿಗೆ ಯಾವ ಘಮ, ಎಷ್ಟು ಹನಿ ಎಂದು ಅವರು ಮೂಸಿ ಹೇಳಿದ ಮೇಲೇ ಅಚ್ಚಿಗೆ ಹೋಗುತ್ತಿತ್ತು. ನಿವೃತ್ತಿಯಾಗಿ ಹದಿಮೂರು ವರ್ಷವಾದರೂ ಬಳಗದಲ್ಲೆಲ್ಲ ಅವರ ಹೆಸರು 'ಮೂಗು'. ದೊಡ್ಡಮ್ಮನ ಅಡುಗೆಯನ್ನು ಬೀದಿ ಕೊನೆಯಿಂದಲೇ ಹೊಗಳುತ್ತಾ ಬರುವ ಗಂಡಸು ಅಂತ ನಮ್ಮ ಮನೆಯ ಹೆಂಗಸರೆಲ್ಲ ತಮ್ಮ ತಮ್ಮ ಗಂಡಂದಿರನ್ನು ಹಂಗಿಸುತ್ತಿದ್ದುದೂ ಇದೇ ಮೂಗನ್ನು ತೋರಿಸಿ.

"ಪರಿಣತರು ಮೊದಲು," ಎಂದು ಅವರೇ ಮೇಜಿನ ಹತ್ತಿರ ಬಂದರು. ಕಾಂಪೌಂಡಿನ ಕಡೆ ತಿರುಗಿ ಮಾಸ್ಕ್ ಇಳಿಸಿ, ಮೊದಲನೇ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು.

"ಕಿವಿ ಯಾಕೆ ದೊಡ್ಡಪ್ಪ?"

"ಪರಿಮಳ ಮಲಗಿರತ್ತೆ. ಎಬ್ಬಿಸಬೇಕು. ಹ್ಞಾ, ಕಾಫಿಪುಡಿ!"

ಎರಡನೆಯದು ಗಲಗಲ ಅಂತು. ಲವಂಗ. ಅದೂ ಸರಿ. ಮೂರನೆಯದು ಸದ್ದು ಮಾಡಲಿಲ್ಲ. "ಸೋಪು," ಅಂದರು. ಒಳಗಿದ್ದದ್ದು ನಿಂಬೆಸಿಪ್ಪೆ. ನಾಲ್ಕನೆಯದಕ್ಕೆ "ನಿಂಬೆ," ಅಂದರು. ಒಳಗಿದ್ದದ್ದು ಸೋಪು. ಐದನೆಯದನ್ನು ಬಹಳ ಹೊತ್ತು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ತಲೆದೂಗಿದರು.

"ಮಲ್ಲಿಗೆ. ಇವತ್ತಿನದಲ್ಲ, ನಿನ್ನೆ ಸಂಜೆ ಬಿಡಿಸಿದ್ದು. ಸ್ವಲ್ಪ ನೀರು ಜಾಸ್ತಿ ಚಿಮುಕಿಸಿದ್ದೀಯ."

ತಮ್ಮ ಮಾಸ್ಕಿನೊಳಗೇ ಗೊರಕೆಯಂಥ ಸದ್ದು ಮಾಡಿದ.

"ದೊಡ್ಡಪ್ಪ, ಅದು ಹತ್ತಿ," ಅಂದೆ. "ಬರೀ ಹತ್ತಿ."

ದೊಡ್ಡಪ್ಪ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟರು. ನಾನು ಅಷ್ಟರಲ್ಲಿ ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದೆ. ವಾಸನೆ ಹೋಗಿದೆ. ಸೋಂಕು ತಗುಲಿದೆ. ಒಂದೇ ಕಾರು, ಒಂದೇ ಮನೆ, ಹಾಗಾದರೆ ದೊಡ್ಡಮ್ಮನಿಗೂ. "ದಯವಿಟ್ಟು ಕಾರಿಗೆ ಹೋಗಿ," ಅಂದೆ. ನನ್ನ ದನಿ ನನಗೇ ಇಸ್ತ್ರಿಪೆಟ್ಟಿಗೆಯ ಕಾಗದದ ಹಾಗೆ ಕೇಳಿಸಿತು. "ಕಿಟಕಿ ತೆರೆಯಲ್ಲ. ಇಬ್ಬರೂ ವಾಪಸ್ ಹೋಗಿ ಪರೀಕ್ಷೆ ಮಾಡಿಸ್ಕೊಳ್ಳಿ."

"ಹತ್ತು ದಿನ ಮನೆಯೊಳಗೆ ಬಿದ್ದಿದ್ದೀವಲ್ಲೇ!" ದೊಡ್ಡಮ್ಮ ಕೂಗಿದರು. "ಹಾಲಿನವನ ಮುಖ ಕೂಡ ನೋಡಿಲ್ಲ. ಅವಳನ್ನ ಎಂಟಡಿ ದೂರದಿಂದ ನೋಡೋಕೂ ಪುಣ್ಯ ಬೇಕಾ?"

ಕಿಟಕಿಯ ಗಾಜಿನ ಮೇಲೆ ಟಕ ಟಕ ಅಂತು. ನನ್ನ ಫೋನೂ ಬಡಕೊಂಡಿತು. ಎತ್ತಿ ಸ್ಪೀಕರಿಗೆ ಹಾಕಿದೆ. "ಏನಾಯ್ತು? ಅಕ್ಕ ಯಾಕೆ ಕೂಗ್ತಿದ್ದಾಳೆ?" ಅಮ್ಮನ ದನಿ.

"ಒಂದು ನಿಮಿಷ ತಡಿಯಮ್ಮ."

ದೊಡ್ಡಪ್ಪ ಕಣ್ಣಲ್ಲೇ ನನ್ನನ್ನು ಗೇಟಿನ ಕಡೆ ಕರೆದರು. ಎರಡು ಮೀಟರ್ ಅಂತರದಲ್ಲಿ, ಎರಡೆರಡು ಮಾಸ್ಕಿನ ಹಿಂದಿನಿಂದ ಯಾರೂ ಗುಟ್ಟು ಹೇಳಲಾರರು. ಆ ವರ್ಷ ಎಷ್ಟೋ ಮನೆಗಳ ಗುಟ್ಟು ಕೆಟ್ಟದ್ದು ಹೀಗೇ ಇರಬೇಕು. ಪಿಸುಗುಟ್ಟುತ್ತಿದ್ದೇನೆಂದು ಅವರು ತಿಳಿದಿದ್ದರು. ಪಕ್ಕದ ಮನೆಗೂ ಕೇಳಿಸುತ್ತಿತ್ತು.

"ಪುಟ್ಟೀ, ಇದು ಸೋಂಕಲ್ಲ. ನನಗೆ ಮೂಗೇ ಇಲ್ಲ ಕಣೇ. ಹತ್ತೊಂಬತ್ತು ವರ್ಷ ಆಯ್ತು. ಒಂದು ಸಲ ಜೋರು ಶೀತ ಆಗಿತ್ತಲ್ಲ, ಶೀತ ಹೋಯ್ತು, ಜೊತೇಲಿ ವಾಸನೇನೂ ಕರ್ಕೊಂಡು ಹೋಯ್ತು."

"ಆಮೇಲೆ ಆರು ವರ್ಷ ಕಾರ್ಖಾನೆಯಲ್ಲಿ ಇದ್ರಲ್ಲ?"

"ಎಲ್ಲರೂ ಮೂಸಿ ಚೆನ್ನಾಗಿದೆ ಅಂದ್ಮೇಲೆ, ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ತುಸು ಭಾರ ಆಯ್ತು' ಅಂತಿದ್ದೆ. ಯಾರೂ ಎದುರಾಡಲಿಲ್ಲ. ಎರಡು ಬಡ್ತಿ ಬಂತು."

"ಸಾಕ್ಷಿ?"

"ಇಲ್ಲದ ಮೂಗಿಗೆ ಎಲ್ಲಿಂದ ಸಾಕ್ಷಿ ತರ್ಲಿ? ನೋಡು, ನಿಮ್ಮ ದೊಡ್ಡಮ್ಮಂಗೆ ಮಾತ್ರ ಹೇಳ್ಬೇಡ. ಅವಳ ಅಡುಗೆ ಬಗ್ಗೆ ಹೇಳಿದ್ದೆಲ್ಲ ಸುಳ್ಳಾಗತ್ತೆ. ಮುಖಕ್ಕೆ ಮುಖ ಕೊಡೋದು ಹೇಗೆ?"

ಅವರ ಕಣ್ಣು ನೋಡಿ ನನಗೂ ಪಾಪ ಅನ್ನಿಸಿತು. ಆದರೆ ಒಳಗಿರುವುದು ಒಂದೂವರೆ ಶ್ವಾಸಕೋಶ. ಪಾಪ ಅನ್ನಿಸಿತೆಂದು ತಿರುಗುವ ಮಿಕ್ಸಿಯೊಳಗೆ ಬೆರಳು ಹಾಕಲಾಗದು. "ಬಾಯಿಮಾತು ನಂಬೋಕಾಗಲ್ಲ ದೊಡ್ಡಪ್ಪ," ಅಂದೆ.

"ಸಾಕ್ಷಿ ನಾನು ಕೊಡ್ತೀನಿ," ಅಂದರು ದೊಡ್ಡಮ್ಮ ಹಿಂದಿನಿಂದ.

ದೊಡ್ಡಪ್ಪ ತಿರುಗಿದರು.

"ಹದಿನೈದು ವರ್ಷದ ಹಿಂದೆ ಒಂದಿನ ಹಾಲು ಸೀದು ಮನೆ ತುಂಬ ಕಮಟು. ಇವರು ಹೊರಗಿನ ಕೋಣೇಲಿ ಪೇಪರ್ ಹಿಡ್ಕೊಂಡು ಕೂತು, 'ಏನೇ ಘಮ! ಏನು ಮಾಡ್ತಿದ್ದೀಯ?' ಅಂದ್ರು. ಅವತ್ತೇ ಗೊತ್ತಾಯ್ತು, ಈ ಮನುಷ್ಯಂಗೆ ಮೂಗು ಇರೋದು ಕನ್ನಡಕ ಇಟ್ಕೊಳ್ಳೋಕೆ ಅಂತ."

"ಗೊತ್ತಿದ್ದೂ ಸುಮ್ಮನಿದ್ಯಾ?"

"ಹೊಗಳಿಕೆ ಯಾರಿಗೆ ಬೇಡ? ಅಲ್ಲದೆ..." ದೊಡ್ಡಮ್ಮ ಕೈಚೀಲದಿಂದ ಕನ್ನಡಕದ ಪೆಟ್ಟಿಗೆ ತೆಗೆದು, ನನಗೆ ಕಾಣುವ ಹಾಗೆ ಬಿಚ್ಚಿದರು. ಅದರಲ್ಲಿ ಕನ್ನಡಕ ಇರಲಿಲ್ಲ. ನಾಲ್ಕು ಸಿಗರೇಟು, ಒಂದು ಲೈಟರ್. "ನನಗೂ ಒಂದು ಹಳೇ ಆಸೆ ಇತ್ತು. ದಿನಾ ಸಂಜೆ ಟೆರೇಸಿನ ಮೇಲೆ ಒಂದು. ಬಟ್ಟೆ ತರೋಕೆ ಹೋದಾಗ."

ಹಿತ್ತಲಲ್ಲಿ ಯಾರೂ ಉಸಿರೆತ್ತಲಿಲ್ಲ. ಸೋಂಕಿನ ದೃಷ್ಟಿಯಿಂದ ಅದು ಒಳ್ಳೆಯದೇ.

"ಹದಿನೈದು ವರ್ಷ?" ಅಂದರು ದೊಡ್ಡಪ್ಪ.

"ಪಕ್ಕದಲ್ಲೇ ಮಲಗ್ತಿದ್ನಲ್ಲ. ಮೂಗಿದ್ದಿದ್ರೆ ಗೊತ್ತಾಗ್ತಿತ್ತು."

"ಮತ್ತೆ ಆ ಪೆಪ್ಪರ್‌ಮಿಂಟು? ಹೊಟ್ಟೆ ಉಬ್ಬರಕ್ಕೆ ಅಂತಿದ್ಯಲ್ಲ?"

"ಅದು ಊರಿನವರ ಮೂಗಿಗೆ."

ದೊಡ್ಡಪ್ಪನ ಮುಖ ನೋಡಿದೆ. ಮಾಸ್ಕ್ ಜಾರಿ ಗದ್ದಕ್ಕೆ ಬಂದಿತ್ತು, ಬಾಯಿ ಬಾವಿಯಷ್ಟು ತೆರೆದಿತ್ತು. ಐದನೇ ಡಬ್ಬಿಯಲ್ಲಿ ಮಲ್ಲಿಗೆ ಮೂಸಿದ ನಟನಿಗೂ ಅಂಥ ಮುಖ ಮಾಡಲು ಬರುವುದಿಲ್ಲ. ಸಾಕ್ಷಿ ಸಿಕ್ಕಿತ್ತು.

ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಫೋನು ಗುಡುಗಿತು. "ಅಕ್ಕಾ! ಶ್ವಾಸಕೋಶ ಕೊಯ್ಸಿಕೊಂಡಿದ್ದು ನಾನು, ಸೇದ್ತಾ ಇದ್ದದ್ದು ನೀನಾ?"

ತಮ್ಮ ನೆಲಕ್ಕೇ ಕೂತುಬಿಟ್ಟ. ಅಮ್ಮ ಗಾಜಿನ ಆಚೆ ನಗುತ್ತಿದ್ದಳು, ಭುಜ ಕುಣಿಯುವಷ್ಟು. ನಗು ಕೆಮ್ಮಾಯಿತು. ನಾವು ನಾಲ್ವರೂ, ಗಾಜು ನಡುವೆ ಇದ್ದರೂ, ಅಭ್ಯಾಸಬಲದಿಂದ ಹಿಂದೆ ಸರಿದೆವು.

ಡಬ್ಬಿಗಳ ಎರಡನೇ ಸೆಟ್ಟಿನಲ್ಲಿ ದೊಡ್ಡಮ್ಮ ಐದಕ್ಕೆ ಐದೂ ಸರಿ ಹೇಳಿದರು. ಐದನೆಯದಕ್ಕೆ "ಏನಿಲ್ಲ, ನಿನ್ನ ತಲೆ," ಅಂದರು. ಆದರೂ ನಾನು ಲೆಕ್ಕ ಹಾಕುತ್ತಲೇ ಇದ್ದೆ. ದೊಡ್ಡಪ್ಪನ ಮೂಗು ಹಳೇ ಸತ್ತ ಮೂಗು ಎಂದ ಮಾತ್ರಕ್ಕೆ ಅವರಿಗೆ ಸೋಂಕಿಲ್ಲವೆಂದಾಗಲಿಲ್ಲ. ಅವರ ಮೂಗು ಏನನ್ನೂ ಹೇಳುವುದಿಲ್ಲ, ಅಷ್ಟೇ. ಕಿಟಕಿ ತೆರೆಯಬೇಕಾದರೆ ಇವರ ಉಸಿರು ಅತ್ತ ಹೋಗುವುದಿಲ್ಲವೆಂದು ನನಗೆ ಕಣ್ಣಾರೆ ಕಾಣಬೇಕು.

ಕಣ್ಣಾರೆ.

"ದೊಡ್ಡಮ್ಮ," ಅಂದೆ, "ಒಂದು ಹಚ್ಚಿ."

"ಏನು?"

"ಆ ವೃತ್ತದೊಳಗೆ ಕೂತು ಒಂದು ಸಿಗರೇಟು ಹಚ್ಚಿ. ಹೊಗೆ ಯಾವ ಕಡೆ ಹೋಗತ್ತೆ ನೋಡ್ಬೇಕು. ಕಿಟಕಿ ಹಾಕಿದೆ, ಅಮ್ಮಂಗೆ ತಾಗಲ್ಲ."

"ಅಕ್ಕ, ನಿನ್ನ ಸೂಚನೆಗಳಿಗೂ ಕೊನೆಗೆ ರಜೆ ಬಂತು," ಅಂದ ತಮ್ಮ.

ದೊಡ್ಡಮ್ಮ ಗಂಡನ ಮುಖ ನೋಡಿದರು. "ಹಚ್ಚು, ಹಚ್ಚು," ಅಂದರು ದೊಡ್ಡಪ್ಪ ಕಾಂಪೌಂಡಿನ ಕಡೆ ತಿರುಗಿಕೊಂಡು. "ನನಗಂತೂ ಗೊತ್ತಾಗಲ್ಲ."

ದೊಡ್ಡಮ್ಮ ಹಚ್ಚಿದರು. ಹದಿನೈದು ವರ್ಷದ ಸಾಧನೆ ಎದ್ದು ಕಾಣುತ್ತಿತ್ತು. ಹೊಗೆ ಒಂದು ಕ್ಷಣ ಅಲ್ಲೇ ನಿಂತು ಯೋಚಿಸಿತು. ಆಮೇಲೆ ಗೋಡೆಗೆ ಹೋಗಿ, ಗೋಡೆಯ ಗುಂಟ ತೆವಳಿಕೊಂಡು, ನೇರ ಅಮ್ಮನ ಕಿಟಕಿಯ ಗಾಜಿಗೆ ಬಂದು ಮುಖ ಒರೆಸಿತು.

ಟೇಪು ಹಿಡಿದು ಅಳೆದು, ಎರಡು ದಿನ ಯೋಚಿಸಿ ಹಾಕಿಸಿದ ವೃತ್ತಗಳು. ದೊಡ್ಡಪ್ಪನ ಮೂಗಿಗೂ ನನ್ನ ಅಂದಾಜಿಗೂ ಏನು ವ್ಯತ್ಯಾಸವಿತ್ತು? ನಾನೂ ಖಾಲಿ ಡಬ್ಬಿಯಲ್ಲಿ ಮಲ್ಲಿಗೆ ಮೂಸಿದವಳೇ.

"ಕುರ್ಚಿ ಎತ್ತು," ಅಂದೆ ತಮ್ಮನಿಗೆ. ಪಂಪಿನ ಹತ್ತಿರ ಇಟ್ಟೆವು. ಅಲ್ಲಿಂದಲೂ ಹೊಗೆ ಸುತ್ತಿ ಬಂತು. ಬಟ್ಟೆ ಒಗೆಯುವ ಕಲ್ಲಿನ ಆಚೆಗೆ ಇಟ್ಟೆವು. ಎರಡನೇ ಸಿಗರೇಟು ಹಚ್ಚಿಸಬೇಕಾಯಿತು. ದೊಡ್ಡಮ್ಮ "ಕರ್ತವ್ಯ" ಎಂದು ನಿಟ್ಟುಸಿರಿಟ್ಟು ಹಚ್ಚಿದರು. ಈ ಸಲ ಹೊಗೆ ಎದ್ದು, ಕಾಂಪೌಂಡ್ ದಾಟಿ, ಒಂದೇ ಸಮನೆ ಬೀದಿಯ ಕಡೆ ಹೊರಟುಹೋಯಿತು. ಮೂರು ಸಲ ನೋಡಿದೆ. ಮೂರು ಸಲವೂ ಬೀದಿಗೆ.

ಸಿಗರೇಟು ಆರಿಸಲು ಹೇಳಿದೆ. ಹೊಗೆಯೆಲ್ಲ ಹೋಗಲಿ ಎಂದು ಹತ್ತು ನಿಮಿಷ ಕಾದೆ. ಆಮೇಲೆ ಕಿಟಕಿ ತೆರೆಸಿದೆ.

ಅಕ್ಕತಂಗಿಯರು ಹದಿನೈದು ಅಡಿ ದೂರದಲ್ಲಿ ಒಬ್ಬರನ್ನೊಬ್ಬರು ನೋಡಿದರು. ಏನಾದರೂ ದೊಡ್ಡ ಮಾತು ಬಂದೀತೆಂದು ನಾನು ಕಾದೆ.

"ದಪ್ಪ ಆಗಿದ್ದೀಯ ಕಣೇ ಅಕ್ಕ," ಅಂದಳು ಅಮ್ಮ.

"ನೀನು ಕಡ್ಡಿ ಆಗಿದ್ದೀಯ. ಇವಳು ಊಟ ಹಾಕ್ತಾಳೋ, ಬರೀ ಸೂಚನೆ ಕೊಡ್ತಾಳೋ?"

ಅವರವರ ಊಟದ ಡಬ್ಬಿ ಅವರವರು ಬಿಚ್ಚಿ, ಚಳಿಬಿಸಿಲಲ್ಲಿ ದೂರ ದೂರ ಕೂತು ಉಂಡೆವು. ದೊಡ್ಡಪ್ಪ ಮುಚ್ಚಳ ತೆಗೆದವರೇ ಅಭ್ಯಾಸದಿಂದ "ಆಹಾ, ಏನು ಘಮ!" ಅಂದುಬಿಟ್ಟು, ತುತ್ತು ಹಿಡಿದ ಕೈ ಅಲ್ಲೇ ನಿಲ್ಲಿಸಿದರು.

"ಹೇಳಿ, ಹೇಳಿ," ಅಂದರು ದೊಡ್ಡಮ್ಮ. "ನಿಲ್ಲಿಸ್ಬೇಡಿ. ಒಂದು ದಿನಕ್ಕೆ ಎರಡು ಚಟ ಬಿಡೋಕಾಗಲ್ಲ."

ಊಟವಾದ ಮೇಲೆ ನೋಡಿದರೆ ದೊಡ್ಡಮ್ಮ ಮಾಸ್ಕ್ ಹಾಕಿಕೊಂಡು ಕೂತಿದ್ದರು, ಅದರ ಮೇಲಂಚು ಒದ್ದೆಯಾಗಿತ್ತು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು.

"ಹನ್ನೊಂದನೇ ಸೂಚನೆ ಪ್ರಕಾರನೇ ಅಳ್ತಿದ್ದೀನಿ," ಅಂದರು. "ಬೇಕಾದ್ರೆ ಬಂದು ಅಳತೆ ಮಾಡ್ಕೋ."

ನನ್ನ ಸೂಚನಾಪತ್ರವನ್ನು ಪೂರ್ತಿ ಓದಿದವರು ಜೀವಮಾನದಲ್ಲಿ ಅವರೊಬ್ಬರೇ.

ಅದಾದ ಮೇಲೆ ಹದಿನಾಲ್ಕು ಬೆಳಿಗ್ಗೆ ನಾನು ಕಾಫಿಪುಡಿಯ ಡಬ್ಬಿ ಹಿಡಿದು ಅಮ್ಮನ ಬಾಗಿಲಲ್ಲಿ ನಿಂತೆ. ಒಂದೊಂದು ದಿನವೂ ಅಮ್ಮ ಮೂಸಿ ಹೇಳುವ ತನಕ ಅಲ್ಲಿಂದ ಕದಲಲಿಲ್ಲ. ಹದಿನಾಲ್ಕನೇ ದಿನ ಅಮ್ಮ ಮುಸುಕು ಸರಿಸದೆ, ಮೂಗನ್ನಷ್ಟೇ ಹೊರಗೆ ಹಾಕಿದಳು.

"ಕಾಫಿ. ನಿನ್ನೆನೂ ಕಾಫಿ, ನಾಳೆನೂ ಕಾಫಿನೇ. ಸತ್ತರೆ ನಾನೇ ಹೇಳ್ತೀನಿ. ಈಗ ಅದನ್ನ ತಗೊಂಡು ಹೋಗಿ ಕಾಫಿ ಮಾಡು."