ಹೆಗಲಿನಿಂದ ಹೆಗಲಿಗೆ

ಅಕ್ಕಲಕೋಟೆಯ ಸೀಮೆಯಲ್ಲಿ ಬೆಟ್ಟಗಳಿಲ್ಲ. ಜೋಳದ ಕೊಯ್ಲು ಮುಗಿದ ಕರಿನೆಲ ಅಲ್ಲಿ ಮಲಗಿದ ಮುಗಿಲಿನಂತೆ ದಿಗಂತದವರೆಗೂ ಚಾಚಿಕೊಂಡು, ಹಗಲಿನ ಬಿಸಿಲನ್ನೆಲ್ಲ ಹೀರಿ ಇರುಳಿಡೀ ಬೆಚ್ಚಗೆ ಉಸಿರಾಡುತ್ತದೆ... ಅಂಥ ಬಯಲಿನಲ್ಲಿ ಬೆಳೆದ ಕಣ್ಣುಗಳಿಗೆ, ಸಹೃದಯರೇ, ನಲ್ಲಮಲೆಯ ಮೊದಲ ದರ್ಶನ ಎಂಥದಿರಬೇಕು! ಫಾಲ್ಗುಣದ ಆ ಮುಂಜಾವಿನಲ್ಲಿ ಗಿರಿಪಂಕ್ತಿಗಳು ನೀಲಿಯ ಮೇಲೆ ನೀಲಿಯಾಗಿ, ಅಜ್ಜಿಯ ಇಳಕಲ್ ಸೀರೆಯ ನೆರಿಗೆಗಳಂತೆ ಒಂದರ ಹಿಂದೊಂದು ಸರಿದು ನಿಂತಿದ್ದವು. ಎಲೆಯುದುರಿದ ಕಾಡಿನ ನಡುವೆ ಮುತ್ತುಗದ ಹೂಗಳು ಆರತಿಯ ಕುಡಿಗಳಂತೆ ಉರಿಯುತ್ತಿದ್ದವು.

ಆತ್ಮಕೂರು ಹಿಂದಾದ ಮೇಲೆ ಶ್ರೀಶೈಲದ ದಾರಿ ಎರಡಾಗುತ್ತದೆ. ಒಂದು, ಗುಡ್ಡವನ್ನು ಬಳಸಿ ನುಣ್ಣಗೆ ಏರುವ ಡಾಂಬರಿನ ಘಾಟ್ ರಸ್ತೆ. ಇನ್ನೊಂದು, ಕಾಡನ್ನು ಸೀಳಿ ಭೀಮನಕೊಳ್ಳದ ಆಳಕ್ಕಿಳಿದು, ಮತ್ತೆ ಕಲ್ಲುಮೆಟ್ಟಿಲುಗಳಲ್ಲಿ ಕೈಲಾಸಬಾಗಿಲಿಗೆ ಏರುವ ಪುರಾತನ ಕಾಲುದಾರಿ. ಯುಗಾದಿಗೆಂದು ಅಕ್ಕಲಕೋಟೆ ಸೀಮೆಯ ನಾಗಣಸೂರಿನಿಂದ ನಡೆದು ಬಂದ ಯಾತ್ರಿಕರ ಮೇಳ ಆ ಕವಲಿನಲ್ಲಿ ನಿಂತಿತು.

ದಾರಿಬದಿಯ ಬಂಡೆಯ ಮೇಲೆ ಕುಳಿತಿದ್ದಳು ನೀಲಗಂಗಾ, ಸೋಲಾಪುರದ ಚಾದರ ವ್ಯಾಪಾರಿಗಳ ಮನೆಯ ಹುಡುಗಿ. ಅಂಗಾಲಿನ ಗುಳ್ಳೆಗಳು ಒಡೆದು ಕೆಂಪಾಗಿದ್ದವು. ಮಡಿಲಲ್ಲಿ ದೇವಿಗೆ ತುಂಬಬೇಕಾದ ಉಡಿಯ ಗಂಟು: ಹಸಿರು ಬಳೆ, ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ. ಭ್ರಮರಾಂಬೆ ನಮ್ಮ ಮನೆಯ ಮಗಳು, ಮಲ್ಲಯ್ಯ ಅಳಿಯ. ವರ್ಷಕ್ಕೊಮ್ಮೆ ಮಗಳನ್ನು ಕಾಣಲು ಹೋಗುವುದೇ ಈ ಯಾತ್ರೆ ಎಂದು ನಾಗಣಸೂರಿನ ಅಜ್ಜಿ, ಅವಳ ಆಯಿ ಗುರುಲಿಂಗಮ್ಮ, ಹೇಳುತ್ತಿದ್ದ ಕಥೆಗಳು ಅವಳ ರಕ್ತದಲ್ಲಿ ಕರಗಿದ್ದವು.

"ಟೆಂಪೋ ಘಾಟಿನ ಮ್ಯಾಲೆ ಹೊಂಟದ, ಹತ್ತು," ಎಂದರು ಅವಳ ಕಾಕಾ ಶಾಂತಪ್ಪ. "ಪೇಠದಾಗ ಫ್ಯಾನಿನ ಕೆಳಗ ಚಾದರ ಮಡಚೋರ ಕಾಲು ಅವು. ಕೊಳ್ಳ ಇಳದರ ನಿನ್ನನ್ನೂ ಒಂದು ಚಾದರದಾಗ ಸುತ್ತಿ ತರಬೇಕಾಗ್ತದ."

ಮೇಳ ನಕ್ಕಿತು. ನಗದವನು ಕಾಂತೇಶನೊಬ್ಬನೇ. ನಾಗಣಸೂರಿನ ಒಕ್ಕಲು ಮನೆಯ ಆ ತರುಣನ ಹೆಗಲ ಮೇಲೆ ಕಂಬಿಯಿತ್ತು: ಗೆಜ್ಜೆ, ನವಿಲುಗರಿ, ಕೆಂಪು ವಸ್ತ್ರಗಳಿಂದ ಸಿಂಗರಗೊಂಡ ಉದ್ದನೆಯ ಮರದ ದಂಡ; ಮೇಳಕ್ಕೆ ಅದೇ ದೇವರು. ಊರು ಬಿಟ್ಟ ಮೇಲೆ ಕಂಬಿ ನೆಲ ಮುಟ್ಟಬಾರದು, ವಾಹನವೇರಬಾರದು, ಹೆಗಲಿನಿಂದ ಹೆಗಲಿಗೆ ದಾಟುತ್ತ ಕೊಳ್ಳದ ದಾರಿಯಲ್ಲೇ ಗಿರಿ ಸೇರಬೇಕು.

ಅದನ್ನು ಹೊರುವ ಮುನ್ನ ಅವನು ಕೇಳಿದ್ದ: "ಸೋಲಾಪುರ ಬಿಟ್ಟು ನಮ್ಮ ಮನಿಗೆ ಬರ್ತಿಯೇನು, ನೀಲಾ?"

"ಬೆಟ್ಟ ಹತ್ತಿದ ಮ್ಯಾಲ ಹೇಳ್ತೀನಿ," ಎಂದಿದ್ದಳು. ಆಮೇಲೆ ಅವನು ಒಮ್ಮೆಯೂ ಕೇಳಿರಲಿಲ್ಲ... ಆ ಮೌನದ ಸೌಜನ್ಯವೇ ಅವಳ ಎದೆಯಲ್ಲಿ ಮೊದಲ ಮಳೆಯ ಮಣ್ಣಿನಂತೆ ಪರಿಮಳಿಸುತ್ತಿತ್ತು! ಆದರೆ ಆ ಮನೆಯ ಬಿಸಿಲನ್ನೂ ಭಾರವನ್ನೂ ತಾನು ತಾಳಬಲ್ಲೆನೇ? ತನ್ನ ಕಾಲುಗಳೇ ಹೇಳಲಿ ಎಂದುಕೊಂಡಿದ್ದಳು.

"ರಸ್ತೆ ಹಿಡೀರಿ," ಎಂದ ಕಾಂತೇಶ ಮೆಲ್ಲಗೆ. ಜನರೆದುರು ಅವನದು ಬಹುವಚನ. "ಕಾಲು ನೋಡ್ಕೋರಿ."

ಅವಳು ಅಂಗಾಲಿಗೆ ಬಟ್ಟೆ ಸುತ್ತಿ ಎದ್ದಳು. "ಘಾಟಿನಿಂದ ಹೋದಾಕಿ ಮಗಳ ಮನಿಗೆ ಬಂದು ಹೋಗೋ ಪಾವಣಿ ಆಗ್ತಾಳ, ಕೊಳ್ಳ ಹತ್ತಿದಾಕಿ ತವರವ್ವ ಆಗ್ತಾಳ ಅಂತಿದ್ದಳು ಆಯಿ. ಕಾಕಾ, ನನ್ನ ಚೀಲ ಅಷ್ಟ ಟೆಂಪೋದಾಗ ಹಾಕ್ರಿ."

ಮರುದಿನದ ಮಧ್ಯಾಹ್ನ ಭೀಮನಕೊಳ್ಳ ಕಾದ ಹಂಚಿನಂತಿತ್ತು. ಒಂದೊಂದು ಮೆಟ್ಟಿಲೂ ಅವಳ ಪಾದದಿಂದ ಒಂದೊಂದು ಕಂಬನಿಯನ್ನು ಕೇಳುತ್ತಿತ್ತು, ಅವಳು ಕೊಡಲಿಲ್ಲ! ಹೆಗಲು ಬದಲಿಸಬೇಕಾದ ಸಿದ್ರಾಮ ಕಾಲು ಉಳುಕಿ ಕೆಳಗೇ ಉಳಿದಿದ್ದ. ತರುಣರೆಲ್ಲ ಮೇಲಿನ ತಿರುವು ದಾಟಿದ್ದರು. ಏರಿನ ನಡುವೆ ಕಾಂತೇಶನ ಹೆಜ್ಜೆ ಜಾರಿತು. ಗೆಜ್ಜೆಗಳು ತಾಳ ತಪ್ಪಿದವು. ಕಂಬಿಯ ಹಿಂತುದಿ ಬಾಗಿತು... ಇನ್ನೂ ಬಾಗಿತು... ಕಲ್ಲಿಗೆ ಗೇಣು ದೂರ!

ನೀಲಗಂಗಾ ಉಡಿಯ ಗಂಟನ್ನು ನಡುವಿಗೆ ಬಿಗಿದು ಧಾವಿಸಿ, ಆ ತುದಿಗೆ ಹೆಗಲೊಡ್ಡಿದಳು.

"ಏ, ಹೆಣ್ಣುಮಕ್ಕಳು ಕಂಬಿ..." ಮೆಟ್ಟಿಲ ಮೇಲಿಂದ ಕೂಗಿದ ಕಾಂತೇಶನ ತಂದೆ, ಮೇಳದ ಹಿರಿಯ ಚನ್ನವೀರಪ್ಪ, ಮಾತು ಅರ್ಧಕ್ಕೇ ನಿಲ್ಲಿಸಿದ. ನೆಲ ಮುಟ್ಟದ ಕಂಬಿಯನ್ನು ನೋಡಿದ. ಮೆಟ್ಟಿಲ ಮೇಲಿನ ಕೆಂಪು ಹೆಜ್ಜೆಗಳನ್ನು ನೋಡಿದ. ರುಮಾಲಿನಿಂದ ಮುಖ ಒರೆಸಿಕೊಂಡು ಅಂದ: "ಮಗಳ ಮನಿಗೆ ಹೊಂಟೀವಿ. ಮಗಳ ಹೆಗಲು ಬ್ಯಾಡಂದ್ರ ಹ್ಯಾಂಗ? ನಡೀ, ತಂಗಿ. ಉಘೇ ಮಲ್ಲಯ್ಯ!"

ಮುಂದಿನ ತುದಿಯಿಂದ ಕಾಂತೇಶ ಪಿಸುಗುಟ್ಟಿದ: "ಭಾರ ಅದ, ನೀಲಾ."

"ಗೊತ್ತದ. ಅದಕ್ಕ ಬಂದೀನಿ."

"ಬೆಟ್ಟ ಹತ್ತಿದ ಮ್ಯಾಲ ಹೇಳ್ತೀನಿ ಅಂದಿದ್ದಿ..."

"ಬೆಟ್ಟ ಇನ್ನೂ ಅದ. ನನ್ನ ಮಾತನ್ನ ಈ ಹೆಗಲೇ ಹೇಳಿ ಮುಗಿಸ್ತು. ನೀ ಮುಂದ ನೋಡಿ ನಡೀ!"

ಗೆಜ್ಜೆಗಳು ಮತ್ತೆ ತಾಳ ಹಿಡಿದವು. ಕೈಲಾಸಬಾಗಿಲಿನಾಚೆ ಸಂಜೆಯ ಬೆಳಕು ಹೊನ್ನಿನ ಮಳೆಯಾಗಿ ಸುರಿಯುತ್ತಿತ್ತು...

ಒಲವನ್ನು ನಾವು ಹೂವೆನ್ನುತ್ತೇವೆ, ಚಂದ್ರಿಕೆಯೆನ್ನುತ್ತೇವೆ. ಆದರೆ ಅದಕ್ಕೂ ತೂಕವಿದೆ, ಓದುಗರೇ. ಒಬ್ಬರೇ ಹೊತ್ತಾಗ ಅದು ಮಣ್ಣಿನತ್ತ ಬಾಗುತ್ತದೆ; ಇನ್ನೊಂದು ಹೆಗಲು ತಾನಾಗಿ ಬಂದು ಸೇರಿದ ಗಳಿಗೆಯಲ್ಲಿ, ಅಷ್ಟೇ ಭಾರದಲ್ಲಿ, ಅದು ನಾದಗೈಯತೊಡಗುತ್ತದೆ.