ಆಣೆಯಿಲ್ಲದ ಭಾನುವಾರ

ಕುಡಿತ ಬಿಡುವುದು ಏಕಾಂತಪ್ಪನಿಗೆ ಹೊಸದೇನಲ್ಲ, ನಾಲ್ಕು ಸಲ ಬಿಟ್ಟಿದ್ದ. ನಾಲ್ಕು ಸಲವೂ ಮನೆದೇವರ ಗುಡಿಯಲ್ಲಿ ಕರ್ಪೂರ ಹಚ್ಚಿ, ಉರಿಯುತ್ತಿರುವಾಗಲೇ ಅಂಗೈಯಿಂದ ಆರಿಸಿ, ಊರ ಮಂದಿಯ ಎದುರು ಆಣೆ ಮಾಡಿ ಬಿಟ್ಟದ್ದು. ನಮ್ಮ ಕಡೆ ಬಿಡುವುದೇ ಹೀಗೆ, ಇನ್ನು ಹೇಗೆ ಬಿಡುತ್ತಾರೆ? ಮೂರು ಆಣೆ ಮುರಿದಾಗ ಊರು ನಕ್ಕಿತು. ನಾಲ್ಕನೆಯದನ್ನು ಈ ದೊಡ್ಡ ಮನುಷ್ಯ ಮಗಳು ಅಮೃತಾಳ ತಲೆ ಮುಟ್ಟಿ ಮಾಡಿದ. ಹನ್ನೊಂದನೆಯ ದಿನ ಕುಡಿದ. ಹದಿನೈದನೆಯ ದಿನ ಒಂಬತ್ತು ವರ್ಷದ ಆ ಕೂಸು ಡೆಂಗಿ ಜ್ವರ ಬಂದು ದಾವಣಗೆರೆಯ ಆಸ್ಪತ್ರೆ ಸೇರಿತು.

ಜ್ವರ ಸೊಳ್ಳೆಯಿಂದ ಬಂತೆಂದು ಡಾಕ್ಟರು ಹೇಳಿದರು. ಯಾರು ಕೇಳುತ್ತಾರೆ? ಹೆಂಡತಿ ನಾಗಲಿಂಗಮ್ಮ ಬೈಯಲಿಲ್ಲ, ಅಳಲಿಲ್ಲ. ಹುಡುಗಿ ಹುಷಾರಾದ ಮೇಲೆ ಆಸ್ಪತ್ರೆಯಿಂದಲೇ ಚಿಗಟೇರಿಯ ತವರಿಗೆ ಹೊರಟಳು. "ತಲಿ ಮುಟ್ಟಿ ಆಣಿ ಹಾಕಿ ಕುಡದ್ರಲ್ಲ, ಇನ್ನ ನಿಮಗ ಯಾರ ತಲಿ ಕೊಡ್ಲಿ ನಾನು?" ಎಂದಳು, ಅಷ್ಟೆ.

ಏಳು ತಿಂಗಳಾಯಿತು. ಹೊಸಹಳ್ಳಿಯಲ್ಲಿ ಅವನ ಮೋಟರ್ ವೈಂಡಿಂಗ್ ಅಂಗಡಿ, ಅದರ ಹಿಂದೆಯೇ ಮನೆ. ಹಗಲೆಲ್ಲ ಸುಟ್ಟ ಮೋಟರಿಗೆ ತಂತಿ ಸುತ್ತುವುದು, ಸಂಜೆ ಕುಡಿಯುವುದು, ಅನ್ನ ಮಾಡಲು ಬೇಜಾರಾಗಿ ಮಂಡಕ್ಕಿ ತಿಂದು ಮಲಗುವುದು. ಮಾತಾಡಿಸುವವರಿಲ್ಲದೆ ಗೋಡೆಯ ಹಲ್ಲಿಗೆ "ಏನಲೇ, ಉಂಡ್ಯಾ?" ಎಂದು ಕೇಳುವ ಮಟ್ಟಕ್ಕೆ ಬಂದ. ಖಾಲಿ ಮನೆ ಇಷ್ಟು ಕೆಟ್ಟದ್ದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕೂಡ್ಲಿಗಿ ಬಸ್ಸಿನಲ್ಲಿ ಮುಂದಿನ ಸೀಟಿನ ಬೆನ್ನಿಗೆ ಅಂಟಿಸಿದ್ದ ಚೀಟಿ ಕಣ್ಣಿಗೆ ಬಿದ್ದದ್ದು ಆಗಲೇ. 'ಕುಡಿತ ಬಿಡಬೇಕೆ? ನಾವೂ ಕುಡಿದವರೇ. ಹರಪನಹಳ್ಳಿ, ಭಾನುವಾರ ಹನ್ನೊಂದಕ್ಕೆ.' ಕೆಳಗೊಂದು ನಂಬರು. ಮೂರು ದಿನ ಮೀನಮೇಷ ಎಣಿಸಿ ಕೊನೆಗೆ ಫೋನ್ ಮಾಡಿದ. ಎತ್ತಿದವರು ಗುರುಸಂಗಪ್ಪ, ನಿವೃತ್ತ ಕಂಡಕ್ಟರು. "ಏನೂ ತರಬ್ಯಾಡ್ರಿ. ನೀವು ಬಂದ್ರ ಸಾಕು" ಎಂದರು.

ಹಾಗಂದರೆ ಕೇಳುವ ಆಸಾಮಿಯೇ ಅವನು? ಭಾನುವಾರ ಸ್ನಾನ ಮಾಡಿ, ವಿಭೂತಿ ಹಚ್ಚಿ, ಚೀಲದಲ್ಲಿ ತೆಂಗಿನಕಾಯಿ, ಊದಿನಕಡ್ಡಿ, ಕರ್ಪೂರ ಇಟ್ಟುಕೊಂಡು ಹೊರಟ. ಅವನ ಹಂಚಿಕೆ ಇಷ್ಟು: ಪರವೂರಿನವರ ಎದುರು ಗಟ್ಟಿ ಆಣೆ ಮಾಡುವುದು, ಒಂದು ಫೋಟೊ ತೆಗೆಸಿಕೊಳ್ಳುವುದು, ಒಡೆದ ಕಾಯಿ ಹಿಡಿದು ನೇರ ಚಿಗಟೇರಿಗೆ ಹೋಗಿ ಹೆಂಡತಿ ಮಗಳನ್ನು ಕರೆತರುವುದು.

ಸಭೆ ನಡೆಯುವುದು ಒಂದು ಶಾಲೆಯ ಕೋಣೆಯಲ್ಲಿ. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿಕೊಂಡು ಎಂಟು ಮಂದಿ ಕುಳಿತಿದ್ದರು. ಏಕಾಂತಪ್ಪ ಸೀದಾ ಹೋಗಿ ಮೇಷ್ಟ್ರ ಟೇಬಲ್ಲಿನ ಮೇಲೆ ಕಾಯಿ ಇಟ್ಟು, ಕರ್ಪೂರದ ಪೊಟ್ಟಣ ಬಿಚ್ಚುತ್ತ, "ಯಾವ ದೇವ್ರ ಫೋಟೋ ಐತ್ರಿ?" ಎಂದ. ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

"ಇಲ್ಲಿ ಆಣಿ ಹಾಕ್ಸೋದಿಲ್ರಿ," ಎಂದರು ಗುರುಸಂಗಪ್ಪ. "ಇವತ್ತೊಂದಿನ ಕುಡಿಬಾರ್ದು. ಅಷ್ಟ."

ಏಕಾಂತಪ್ಪನ ಪಿತ್ತ ನೆತ್ತಿಗೇರಿತು. "ಒಂದಿನ ಬಿಡಾಕ ಮೂರು ಬಸ್ ಹತ್ತಿ ಬರಬೇಕಿತ್ತೇನ್ರಿ? ನಾನು ಜನ್ಮಕ್ಕ ಬಿಡಾಕ ಬಂದೀನಿ!"

ಹಿಂದಿನ ಬೆಂಚಿನಿಂದ ಹಂಪಕ್ಕ ಎನ್ನುವ ಕೂಲಿ ಹೆಂಗಸು ಎದ್ದಳು. "ಅಣ್ಣಾ, ನಾನೂ ಜನ್ಮಕ್ಕ ಬಿಟ್ಟಾಕಿನ. ಒಂಬತ್ತು ಸಲ. ಆಣಿ ಹಾಕಿದ ದಿನ ಬಾಳ ಧೈರ್ಯ ಬರತೈತಿ. ಮುರಿದ ದಿನ ಮಂದಿಗೆ ಮಾರಿ ತೋರ್ಸಾಕ ಆಗಲ್ಲ, ಅದಕ್ಕಂತ ಇನ್ನಷ್ಟು ಕುಡಿಯೋದು. ಖರೆ ಹೇಳ್ರಿ, ಹೌದಲ್ಲ?"

ಹೌದು, ಖರೆಯೇ. ಹನ್ನೊಂದನೆಯ ದಿನ ಅವನು ಕುಡಿದದ್ದು ಒಂದೇ ಪಾಕೀಟು. ಆಮೇಲೆ ಮಗಳ ಮುಖ ನೋಡಲಾಗದೆ ನಾಲ್ಕು ದಿನ ಒಂದೇ ಸಮನೆ ಕುಡಿದಿದ್ದ. ಇದನ್ನು ಯಾರಿಗೂ ಹೇಳಿರಲಿಲ್ಲ, ಅಂದು ಹೇಳಿದ. ಹೇಳಿ, ಆ ಪುಟ್ಟ ಬೆಂಚಿನ ಮೇಲೆ ಕುಳಿತು ಗೊಳೋ ಎಂದು ಅತ್ತ. ಅವರು ಚಹಾ ಕೊಟ್ಟರು. ಒಂದು ಗಂಟೆಗೆ ಕೋಣೆಗೆ ಬೀಗ ಬಿತ್ತು, ಎಲ್ಲರೂ ತಂತಮ್ಮ ದಾರಿ ಹಿಡಿದರು, ಏಕಾಂತಪ್ಪ ಮತ್ತೆ ಒಬ್ಬನೇ ಉಳಿದ.

ತೋರಿಸಲು ಒಡೆದ ಕಾಯಿಯಿಲ್ಲ, ಫೋಟೊ ಇಲ್ಲ. ಯಾವ ಮುಖ ಹೊತ್ತು ಹೋಗುವುದು? ಬಸ್‌ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕುಳಿತ. ಹೊಸಹಳ್ಳಿಯ ಆ ಖಾಲಿ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಎದ್ದು ಚಿಗಟೇರಿ ಬಸ್ಸು ಹತ್ತಿದ.

ಮಾವನ ಮನೆಯ ಮುಂದೆ ಅಮೃತಾ ಒಬ್ಬಳೇ ಕುಂಟಾಬಿಲ್ಲೆ ಆಡುತ್ತಿದ್ದಳು. ತಂದೆಯನ್ನು ಕಂಡವಳೇ ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೈಯನ್ನು ತಲೆಯ ಮೇಲೆ ಗಟ್ಟಿಯಾಗಿ ಇಟ್ಟುಕೊಂಡಳು. ನಾಗಲಿಂಗಮ್ಮ ಹೊಸ್ತಿಲಿಗೆ ಬಂದು ನಿಂತಳು. ಒಳಗೆ ಬರ್ರಿ ಎನ್ನಲಿಲ್ಲ.

ಏಕಾಂತಪ್ಪ ಇದ್ದಲ್ಲೇ ನಿಂತ.

"ಆಣಿ ಹಾಕಾಕ ಬಂದಿಲ್ಲವ್ವ. ನಿನ್ನ ಮುಟ್ಟೂದಿಲ್ಲ. ಇವತ್ತ ಕುಡಿದಿಲ್ಲ, ಅದನ್ನ ಹೇಳಾಕ ಬಂದೆ."

"ನಾಳಿ?" ಎಂದಳು ಹುಡುಗಿ.

ಇನ್ನು ಜನ್ಮದಲ್ಲಿ ಕುಡಿಯುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ನುಂಗಿಕೊಂಡ. "ಗೊತ್ತಿಲ್ಲವ್ವ" ಎಂದ.

ಅಮೃತಾ ತಾಯಿಯ ಮುಖ ನೋಡಿದಳು. ನಾಗಲಿಂಗಮ್ಮ ಗಂಡನನ್ನೇ ನೋಡುತ್ತಿದ್ದಳು. ತಲೆಯ ಮೇಲಿನ ಕೈ ಇಳಿಸದೆಯೇ ಹುಡುಗಿ ಹೇಳಿದಳು:

"ನಾಳಿ ಸಂಜಿಗೆ ಗೊತ್ತಾಗತೈತಲ್ಲ, ಆಗ ಫೋನ್ ಮಾಡಪ್ಪ."