ಮಂದೆ ಕೂಡಿದ ಮೇಲೆ

ಕುರಿ ಕಾಯುವ ತಳಿಯ, ಕರಡಿ ಎಂಬ ಹೆಸರಿನ ನಾಯಿಗೆ ಒಳಗೂದಲು ಉದುರುವ ಕಾಲ. ಬಾಚಣಿಗೆ ಹಿಡಿದ ಅಕ್ಕ ಹೈರಾಣಾಗಿದ್ದಳು. ಮೇಲೆ ಥಳುಕು, ಒಳಗೆಲ್ಲ ಬರೀ ಗಂಟು. ನಾಲ್ಕು ಸಲ ಬಾಚುವಷ್ಟರಲ್ಲಿ ನಾಯಿ ಎದ್ದು ಹೋಗಿ, ಅಕ್ಕನ ಜೊತೆ ಮಾತು ಬಿಟ್ಟು ಕೋಣೆ ಸೇರಿದ್ದ ತಂಗಿಯ ಬಾಗಿಲು ಕೆರೆಯುತ್ತಿತ್ತು.

“ಬಾ ಇಲ್ಲಿ, ಪೂರ್ತಿ ಬೋಳಿಸಿಬಿಡ್ತೀನಿ!” ಅಕ್ಕ ಬೇಕೆಂದೇ ಗಟ್ಟಿಯಾಗಿ ಕೂಗಿದಳು.

ಬಾಗಿಲು ದಡಾರನೆ ತೆರೆಯಿತು. “ತಲೆ ಕೆಟ್ಟಿದ್ಯಾ ಅಕ್ಕ? ಬಿಸಿಲು ತಡೆಯೋದೇ ಆ ಕೂದಲು ಕಣೇ!”

ಕರಡಿ ತಂಗಿಯ ಹಿಮ್ಮಡಿಯನ್ನು ಮೂತಿಯಿಂದ ತಿವಿಯುತ್ತಾ, ತಪ್ಪಿಸಿಕೊಂಡ ಕುರಿಯಂತೆ ಅವಳನ್ನು ಅಕ್ಕ ಕೂತಿದ್ದ ಚಾಪೆಯವರೆಗೂ ಅಟ್ಟಿಕೊಂಡು ಬಂತು. ಮಂದೆ ಕೂಡಿತೆಂಬ ಸಮಾಧಾನಕ್ಕೆ ಕಾಲು ಚಾಚಿ ಮಲಗಿತು.

ಅಕ್ಕ ಮಡಿಲಲ್ಲಿ ಮೊದಲೇ ಇಟ್ಟುಕೊಂಡಿದ್ದ ಎರಡನೆಯ ಬಾಚಣಿಗೆಯನ್ನು ತಂಗಿಯ ಕೈಗಿಟ್ಟಳು. “ಬಾಲದ ಕಡೆ ನೀನು ಬಾಚು. ಕಚ್ಚೋ ಕಡೆ ನಾನಿರ್ತೀನಿ.”